ಗೇರಿಲ್ಲದ ಗಾಡಿಯ ಚರಿತ್ರೆ

ಕಳೆದ ದೀಪಾವಳಿಗೆ ನನ್ನ ತಮ್ಮನ ಮೊಮ್ಮಗ ಬೆಂಗಳೂರಿನಿಂದ ಊರಿಗೆ ಬಂದಿದ್ದ. ಹಬ್ಬದ ಮರುದಿನ ಕೊಟ್ಟಿಗೆಯ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಅಡಗಿದ್ದ ನನ್ನ ಹಳೆಯ ಕೈನೆಟಿಕ್ ಹೋಂಡಾ ಸ್ಕೂಟರು ಅವನ ಕಣ್ಣಿಗೆ ಬಿತ್ತು. ಧೂಳು ಒರೆಸಿ, ಎಡಗೈ ಹಿಡಿಕೆಯನ್ನು ತಿರುಗಿಸಿ ನೋಡಿ, "ಅಜ್ಜಯ್ಯ, ಇದಕ್ಕೆ ಗೇರೇ ಇಲ್ಲವಲ್ಲ, ಇದೂ ಎಲೆಕ್ಟ್ರಿಕ್ಕಾ?" ಎಂದು ಕೇಳಿದ. ನಾನು ನಕ್ಕು, "ಗೇರು ಇಲ್ಲವೆಂದಲ್ಲ ಮಗು, ಎಣಿಸಲಾಗದಷ್ಟು ಗೇರುಗಳಿವೆ" ಎಂದೆ. ಅಜ್ಜ ಹಾಸ್ಯ ಮಾಡುತ್ತಿದ್ದಾನೆಂದು ಅವನು ಭಾವಿಸಿದಂತೆ ತೋರಿತು. ಅವನಿಗೆ ವಿವರಿಸಿ ಬರೆಯೋಣವೆಂದು ಕುಳಿತವನಿಗೆ ಒಂದೂವರೆ ಶತಮಾನದಷ್ಟು ಹಿಂದಕ್ಕೆ ಹೋಗಬೇಕಾಯಿತು. ಬರೆಯುತ್ತ ಹೋದಂತೆ, ಹಳೆಯ ವಿದ್ಯಾರ್ಥಿಯೊಬ್ಬನಿಗೆ ನಾನು ಬಹಳ ಹಿಂದೆಯೇ ಹೇಳಬೇಕಾಗಿದ್ದ ಮಾತೊಂದೂ ಬಂದು ಇದರಲ್ಲಿ ಸೇರಿಕೊಂಡಿತು. ಓದುಗರು ಎರಡನ್ನೂ ಸಹಿಸಿಕೊಳ್ಳಬೇಕು.

ಮೊದಲು ಗೇರಿನ ಅಗತ್ಯವೇನೆಂಬುದನ್ನು ನೆನಪಿಸಿಕೊಳ್ಳೋಣ. ಎತ್ತಿನ ಸ್ವಭಾವ ಬೇರೆ, ಎಂಜಿನ್ನಿನ ಸ್ವಭಾವ ಬೇರೆ. ಎತ್ತು ನಿಂತಲ್ಲಿಂದಲೇ ತನ್ನ ಪೂರ್ಣ ಬಲವನ್ನು ಹಾಕಿ ಗಾಡಿಯನ್ನು ಎಳೆಯಬಲ್ಲದು. ಪೆಟ್ರೋಲ್ ಎಂಜಿನ್ನು ಹಾಗಲ್ಲ. ನಿಮಿಷಕ್ಕೆ ಕೆಲವು ಸಾವಿರ ಸುತ್ತುಗಳಷ್ಟು ತಿರುಗುವಾಗ ಮಾತ್ರ ಅದಕ್ಕೆ ತನ್ನ ಪೂರ್ಣ ಶಕ್ತಿ ಒದಗುತ್ತದೆ. ಗಾಡಿ ನಿಧಾನವಾಗಿರುವಾಗಲೂ ಎಂಜಿನ್ನು ವೇಗವಾಗಿ ತಿರುಗಬೇಕು, ಗಾಡಿ ವೇಗ ಪಡೆದ ಮೇಲೆ ಎಂಜಿನ್ನು ಮಿತಿ ಮೀರಬಾರದು. ಈ ಎರಡರ ನಡುವಿನ ಮಧ್ಯಸ್ಥಿಕೆಯೇ ಗೇರಿನ ಕೆಲಸ. ನಾಲ್ಕು ಗೇರಿನ ಗಾಡಿ ನಾಲ್ಕು ಮೆಟ್ಟಿಲುಗಳ ಏಣಿಯಂತೆ. ಮೆಟ್ಟಿಲುಗಳೇ ಇಲ್ಲದೆ ಜಾರುಹಾದಿಯಂತೆ ಏರುವ ಉಪಾಯವೊಂದಿದ್ದರೆ ಎಂಜಿನ್ನು ಸದಾ ತನಗೆ ಹಿತವಾದ ವೇಗದಲ್ಲಿಯೇ ತಿರುಗುತ್ತಿರಬಹುದಲ್ಲವೆ? ಈ ಪ್ರಶ್ನೆ ಮೋಟಾರು ವಾಹನಗಳಿಗಿಂತಲೂ ಹಳೆಯದು.

1879ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಮಿಲ್ಟನ್ ರೀವ್ಸ್ ಎಂಬಾತ ಮರ ಕೊಯ್ಯುವ ಗಿರಣಿಯಲ್ಲಿ ಈ ತೊಂದರೆಯನ್ನು ಎದುರಿಸಿದ. ಗರಗಸದ ವೇಗವನ್ನು ಮರಕ್ಕೆ ತಕ್ಕಂತೆ ಬದಲಾಯಿಸಲು ಅವನು ಕಂಡುಕೊಂಡ ದಾರಿ ಸರಳವಾದುದು. ಎರಡು ಶಂಕುಗಳನ್ನು ಮುಖಾಮುಖಿಯಾಗಿ ಇಟ್ಟರೆ ನಡುವೆ ವಿ ಆಕಾರದ ಕಣಿವೆಯೊಂದು ಉಂಟಾಗುತ್ತದೆ. ಆ ಕಣಿವೆಯಲ್ಲಿ ಬೆಲ್ಟು ಕುಳಿತಿರುತ್ತದೆ. ಶಂಕುಗಳನ್ನು ಹತ್ತಿರಕ್ಕೆ ತಂದರೆ ಬೆಲ್ಟು ಅಂಚಿನತ್ತ ಮೇಲೇರುತ್ತದೆ, ದೂರ ಸರಿಸಿದರೆ ಒಳಗಿಳಿಯುತ್ತದೆ. ಅಂದರೆ ಒಂದೇ ಪುಲ್ಲಿ ಬೇಕೆಂದಾಗ ದೊಡ್ಡದೂ ಬೇಕೆಂದಾಗ ಚಿಕ್ಕದೂ ಆಗುತ್ತದೆ. ಮುಂದೆ 1896ರಲ್ಲಿ ರೀವ್ಸ್ ತಾನು ಕಟ್ಟಿದ ಮೋಟಾರು ಗಾಡಿಗೂ ಇದನ್ನೇ ಅಳವಡಿಸಿದ. ಇಂದು ನಮ್ಮ ಬೀದಿಗಳಲ್ಲಿ ಓಡುವ ಪ್ರತಿಯೊಂದು ಗೇರಿಲ್ಲದ ಪೆಟ್ರೋಲ್ ಸ್ಕೂಟರಿನ ಎಡಗಡೆಯ ಡಬ್ಬಿಯೊಳಗೆ ಇರುವುದು ಆ ಗಿರಣಿಯ ಉಪಾಯವೇ.

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಇದು ಇಂಗ್ಲೆಂಡಿನ ಮೋಟಾರುಸೈಕಲ್ಲುಗಳಿಗೆ ಬಂದಿತು. ಝೆನಿತ್ ಕಂಪನಿಯ ಫ್ರೆಡ್ಡಿ ಬಾರ್ನ್ಸ್ 'ಗ್ರಾಡುವಾ' ಎಂಬ ವ್ಯವಸ್ಥೆಯನ್ನು ರೂಪಿಸಿದ. ಪೆಟ್ರೋಲ್ ಟ್ಯಾಂಕಿನ ಬಳಿಯ ಹಿಡಿಕೆಯೊಂದನ್ನು ಸವಾರನು ಕಾಫಿ ಬೀಜ ಬೀಸುವಂತೆ ತಿರುಗಿಸಿದರೆ ಪುಲ್ಲಿಯ ಗಾತ್ರ ಬದಲಾಗುತ್ತಿತ್ತು. ಬೆಲ್ಟು ಸಡಿಲವಾಗದಂತೆ ಹಿಂದಿನ ಚಕ್ರವೇ ಹಿಂದೆ ಮುಂದೆ ಸರಿಯುತ್ತಿತ್ತು. ಮಿಕ್ಕವರೆಲ್ಲ ಒಂದೇ ಗೇರಿನಲ್ಲಿ ಏದುಸಿರು ಬಿಡುತ್ತಿದ್ದ ಕಾಲದಲ್ಲಿ ಝೆನಿತ್ ಗಾಡಿಗಳು ಗುಡ್ಡ ಹತ್ತುವ ಸ್ಪರ್ಧೆಗಳಲ್ಲಿ ಸರಾಗವಾಗಿ ಮೇಲೇರಿದವು. ಪರಿಣಾಮವೇನು? ಕೆಲವು ಸ್ಪರ್ಧೆಗಳಿಂದ ಅವುಗಳನ್ನು ಹೊರಗಿಟ್ಟರು. ಕಂಪನಿಯವರು ಬೇಸರಗೊಳ್ಳಲಿಲ್ಲ. 'ಬಹಿಷ್ಕೃತ' ಎಂಬ ಅರ್ಥದ ಇಂಗ್ಲಿಷ್ ಪದವನ್ನೇ ತಮ್ಮ ಲಾಂಛನದಲ್ಲಿ ಹಾಕಿಕೊಂಡು ಅದನ್ನೇ ಜಾಹೀರಾತಾಗಿಸಿದರು! ಕೊವೆಂಟ್ರಿಯ ರಡ್ಜ್ ಕಂಪನಿಯ 'ಮಲ್ಟಿ' ಗಾಡಿಯಲ್ಲಿ ಇದೇ ತತ್ವ ಇನ್ನಷ್ಟು ಸುಧಾರಿಸಿತು. 1914ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿ.ಟಿ. ಪಂದ್ಯವನ್ನು ಸಿರಿಲ್ ಪುಲಿನ್ ಗೆದ್ದದ್ದು ಈ ಗಾಡಿಯ ಮೇಲೆ.

ಆದರೆ ಇವೆಲ್ಲದರಲ್ಲೂ ಕೈಯಿಂದಲೇ ಪುಲ್ಲಿಯನ್ನು ಬದಲಾಯಿಸಬೇಕಾಗಿತ್ತು. ಅದು ತಾನಾಗಿ ಬದಲಾಗುವಂತೆ ಮಾಡಲು ಬೇಕಾದ ಸೂತ್ರ ಇನ್ನೂ ಹಳೆಯದು. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರದ ವೇಗವನ್ನು ಹತೋಟಿಯಲ್ಲಿಡಲು ತಿರುಗುವ ಎರಡು ಗುಂಡುಗಳನ್ನು ಬಳಸಿದ್ದನ್ನು ಒಂಬತ್ತನೆಯ ತರಗತಿಯಲ್ಲಿ ನನ್ನಿಂದ ಕೇಳಿದವರಿಗೆ ನೆನಪಿರಬಹುದು. ತಿರುಗುವ ವೇಗ ಹೆಚ್ಚಿದಂತೆ ಗುಂಡುಗಳು ಹೊರಕ್ಕೆ ಚಿಮ್ಮುತ್ತವೆ. ಆ ಚಲನೆಯನ್ನೇ ಆಳಾಗಿ ದುಡಿಸಿಕೊಳ್ಳಬಹುದು. ಈ ಎರಡು ವಿಚಾರಗಳು, ಅಂದರೆ ಗಿರಣಿಯ ಪುಲ್ಲಿ ಮತ್ತು ವಾಟನ ಗುಂಡು, ಒಂದಾದಾಗ ಸ್ವಯಂಚಾಲಿತ ಸ್ಕೂಟರು ಹುಟ್ಟಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಲ್ಸ್‌ಬರಿ ಎಂಬ ಕಂಪನಿ 1930ರ ದಶಕದ ಕೊನೆಯ ಭಾಗದಲ್ಲಿ ತನ್ನ 'ಮೋಟಾರ್ ಗ್ಲೈಡ್' ಸ್ಕೂಟರಿಗೆ ಇಂತಹ ವ್ಯವಸ್ಥೆಯನ್ನು ಅಳವಡಿಸಿತು. ಯುರೋಪಿನ ಪ್ರಸಿದ್ಧ ವೆಸ್ಪಾ ಹುಟ್ಟುವುದಕ್ಕೆ (1946) ಮೊದಲೇ ಗೇರು ಹಾಕದ ಸ್ಕೂಟರು ಬಂದುಹೋಗಿತ್ತೆಂಬುದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

1958ರಲ್ಲಿ ಹಾಲೆಂಡಿನ ಡಾಫ್ ಕಂಪನಿಯ ಹುಬ್ ಫಾನ್ ಡೋರ್ನ್ ರಬ್ಬರ್ ಬೆಲ್ಟಿನ 'ವೇರಿಯೋಮ್ಯಾಟಿಕ್' ವ್ಯವಸ್ಥೆಯನ್ನು ಪುಟ್ಟ ಕಾರೊಂದರಲ್ಲಿ ಇಟ್ಟು ಜನರ ಮುಂದೆ ತಂದ. ಆ ಕಾರು ಮುಂದಕ್ಕೆ ಎಷ್ಟು ವೇಗವಾಗಿ ಓಡುತ್ತಿತ್ತೋ ಹಿಂದಕ್ಕೂ ಅಷ್ಟೇ ವೇಗವಾಗಿ ಓಡಬಲ್ಲದಾಗಿದ್ದರಿಂದ ಡಚ್ಚರು ಮುಂದೆ ಹಿಮ್ಮುಖ ಓಟದ ಪಂದ್ಯಗಳನ್ನೇ ನಡೆಸಿ ಮೋಜು ಕಂಡರು. ಅದೇ ಪರಂಪರೆಯಲ್ಲಿ ಬಂದ ಉಕ್ಕಿನ ಬೆಲ್ಟನ್ನು 1993ರಲ್ಲಿ ವಿಲಿಯಮ್ಸ್ ತಂಡ ತನ್ನ ಫಾರ್ಮುಲಾ ಒನ್ ಕಾರಿನಲ್ಲಿ ಪರೀಕ್ಷಿಸಿತು. ಅದು ಪಂದ್ಯಕ್ಕೆ ಇಳಿಯುವ ಮೊದಲೇ ನಿಯಮ ಬದಲಾಗಿ ನಿಷೇಧಕ್ಕೆ ಒಳಗಾಯಿತು. ಝೆನಿತ್ ಗಾಡಿಗಾದ ಗತಿಯೇ ಇದಕ್ಕೂ ಆಯಿತು.

ಇನ್ನು ನಮ್ಮ ದೇಶದ ಮಾತಿಗೆ ಬರೋಣ. ನಾನು ಉದ್ಯೋಗಕ್ಕೆ ಸೇರಿದ ಕಾಲದಲ್ಲಿ ಸ್ಕೂಟರೆಂದರೆ ಬಜಾಜ್. 1972ರಲ್ಲಿ ಬಂದ ಚೇತಕ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವದು. ವರದಕ್ಷಿಣೆಯ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನವಿತ್ತೆಂಬುದನ್ನು ನಾಚಿಕೆಯಿಂದಲೇ ಹೇಳಬೇಕು. ಅದರ ಎಡಗೈಯಲ್ಲಿ ಕ್ಲಚ್ಚು ಹಿಡಿದು, ಅದೇ ಕೈಯನ್ನು ತಿರುಗಿಸಿ ಗೇರು ಬದಲಾಯಿಸಬೇಕಿತ್ತು. ಬಾಲ್ಯದಲ್ಲಿ ಹಲಸಿನ ಮರದಿಂದ ಬಿದ್ದು ಮುರಿದ ನನ್ನ ಎಡ ಮಣಿಕಟ್ಟಿಗೆ ಆ ಕಸರತ್ತು ಎಂದೂ ಒಗ್ಗಲಿಲ್ಲ. ಅದೇ 1972ರಲ್ಲಿ ಪುಣೆಯ ಕೈನೆಟಿಕ್ ಕಂಪನಿ 'ಲೂನಾ' ಮೊಪೆಡ್ ತಂದಿತು; ಗೇರಿನ ಗೊಡವೆಯಿಲ್ಲದಿದ್ದರೂ ನಮ್ಮ ಮಲೆನಾಡಿನ ಏರುಗಳಲ್ಲಿ ಪೆಡಲು ತುಳಿಯದೆ ಗತಿಯಿರಲಿಲ್ಲ. ಅದೇ ಸಂಸ್ಥೆ 1984ರಲ್ಲಿ ಜಪಾನಿನ ಹೋಂಡಾ ಜೊತೆಗೂಡಿತು. ಹಾಗೆ ಬಂದ 98 ಸಿ.ಸಿ.ಯ ಕೈನೆಟಿಕ್ ಹೋಂಡಾ ನಮ್ಮಲ್ಲಿ ಹೊಸ ಅಧ್ಯಾಯವನ್ನೇ ತೆರೆಯಿತು. ಗುಂಡಿ ಒತ್ತಿದರೆ ಚಾಲೂ ಆಗುವ, ಕ್ಲಚ್ಚೂ ಗೇರೂ ಇಲ್ಲದ ಆ ಗಾಡಿಯನ್ನು ಮೊದಮೊದಲು "ಹೆಂಗಸರ ಗಾಡಿ" ಎಂದು ಗೇಲಿ ಮಾಡಿದವರಿದ್ದರು. ನಮ್ಮ ಶಾಲೆಯ ಇಬ್ಬರು ಶಿಕ್ಷಕಿಯರು ಅದರ ಮೇಲೆ ಸೀರೆಯುಟ್ಟು ಸಲೀಸಾಗಿ ಬರತೊಡಗಿದಾಗ, ಬಸ್ಸಿಗಾಗಿ ಗಂಟೆಗಟ್ಟಲೆ ಕಾಯುತ್ತಿದ್ದ ನಮಗೆ ಆ ಗೇಲಿಯ ಪೊಳ್ಳುತನ ತಿಳಿಯಿತು. 1998ರಲ್ಲಿ ಹೋಂಡಾ ಆ ಪಾಲುದಾರಿಕೆಯಿಂದ ಹೊರಬಂದು, ಮರುವರ್ಷ ಸ್ವಂತ ಕಂಪನಿ ಸ್ಥಾಪಿಸಿ, ಅನಂತರ ಆಕ್ಟಿವಾ ಸ್ಕೂಟರನ್ನು ತಂದಿತು. ಮುಂದಿನದು ನಿಮಗೆಲ್ಲ ತಿಳಿದ ಕಥೆ. 2009ರಲ್ಲಿ ಬಜಾಜ್ ಕಂಪನಿಯೇ ಸ್ಕೂಟರ್ ತಯಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾ ಕಾರ್ಖಾನೆ ಆರಂಭವಾಯಿತು.

ನಾನು ಹಳೆಯದೊಂದು ಕೈನೆಟಿಕ್ ಹೋಂಡಾ ಕೊಂಡದ್ದು 1995ರಲ್ಲಿ, ನನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಎರಡು ವರ್ಷ ಯಾವ ತಕರಾರೂ ಇರಲಿಲ್ಲ. ಆಮೇಲೆ ಏರು ಸಿಕ್ಕಿದರೆ ಸಾಕು, ಗಾಡಿ ಸೋಲತೊಡಗಿತು. ಆಗ ನನ್ನ ಮಾವನವರು ಹೆಬ್ರಿಯಲ್ಲಿ ಹಾಸಿಗೆ ಹಿಡಿದಿದ್ದರು. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿಯ ಮೂಲಕ ಅಲ್ಲಿಗೆ ವಾರಕ್ಕೊಮ್ಮೆಯಾದರೂ ಹೋಗಬೇಕಾಗಿತ್ತು. ಒಂದು ಸಂಜೆ ಹಿಂದಿರುಗುವಾಗ ಸೋಮೇಶ್ವರ ದಾಟಿ ಘಾಟಿ ಹತ್ತತೊಡಗಿದ ಮೇಲೆ, ಮಳೆಯಲ್ಲಿ, ತಿರುವೊಂದರಲ್ಲಿ ಗಾಡಿ ಮುಂದೆ ಹೋಗಲಾರದೆ ನಿಂತುಬಿಟ್ಟಿತು. ಎಂಜಿನ್ನು ಬೊಬ್ಬೆ ಹೊಡೆಯುತ್ತಿತ್ತು, ಚಕ್ರ ಅಲುಗುತ್ತಿರಲಿಲ್ಲ. ಮನೆಯಾಕೆ ಇಳಿದು ಮುಂದಿನ ಎರಡು ತಿರುವುಗಳನ್ನು ನಡೆದೇ ಹತ್ತಿದರು. ಮರುದಿನ ದುರಸ್ತಿ ಕೇಂದ್ರವೊಂದರಲ್ಲಿ ತೋರಿಸಿದರೆ, ಎಂಜಿನ್ನು ಬಿಚ್ಚಿ ಬೋರು ಮಾಡಿಸಬೇಕೆಂದು ನನ್ನ ಒಂದು ತಿಂಗಳ ಸಂಬಳದ ಅರ್ಧದಷ್ಟು ಲೆಕ್ಕ ಕೊಟ್ಟರು.

ಹೀಗೆ ಚಿಂತೆಯಲ್ಲಿದ್ದಾಗ ಬಸ್ ನಿಲ್ದಾಣದ ಹಿಂಭಾಗದ ಪುಟ್ಟ ಗ್ಯಾರೇಜಿನಿಂದ "ಮೇಷ್ಟ್ರೇ" ಎಂದು ಯಾರೋ ಕರೆದರು. ಹೆಸರು ಬರೆಯುವುದಿಲ್ಲ, ಆ ತಂಡದ ವಿದ್ಯಾರ್ಥಿಗಳಿಗೆ ತಾನಾಗಿ ತಿಳಿಯುತ್ತದೆ. ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನದಲ್ಲಿ ನಪಾಸಾಗಿ ಶಾಲೆ ಬಿಟ್ಟವನು. ಒಮ್ಮೆ ತರಗತಿಯಲ್ಲಿ ಕೇಂದ್ರಾಪಗಾಮಿ ಬಲದ ಸೂತ್ರ ಹೇಳಲಾಗದೆ ನಿಂತಿದ್ದಾಗ ನಾನು, "ನಿನ್ನ ತಲೆಯೊಳಗೆ ಇರುವುದು ಬರಿಯ ಮಣ್ಣು" ಎಂದಿದ್ದೆ. ಇಡೀ ತರಗತಿ ನಕ್ಕಿತ್ತು. ಅವನು ಗಾಡಿಯ ಎಡಗಡೆಯ ಮುಚ್ಚಳ ಬಿಚ್ಚಿ, ಮುಂದಿನ ಪುಲ್ಲಿಯನ್ನು ಕಳಚಿ, ಅದರೊಳಗಿಂದ ಆರು ಚಿಕ್ಕ ರೋಲರುಗಳನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. "ನೋಡಿ ಮೇಷ್ಟ್ರೇ, ದುಂಡಗಿರಬೇಕಾದವು ಚಪ್ಪಟೆಯಾಗಿವೆ. ಇವು ಉರುಳುವುದಿಲ್ಲ, ಅಲ್ಲಲ್ಲೇ ಕಚ್ಚಿಕೊಳ್ಳುತ್ತವೆ. ಬೆಲ್ಟೂ ಸವೆದು ಜಾರುತ್ತಿದೆ. ಎಂಜಿನ್ನಿಗೆ ಏನೂ ಆಗಿಲ್ಲ" ಎಂದ. ಆಮೇಲೆ ಅವನು ನನಗೆ ಪಾಠ ಮಾಡಿದ. ಅಂದು ಅವನಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗಾಡಿ ನಿಂತಿರುವಾಗ ಮುಂದಿನ ಪುಲ್ಲಿಯ ಎರಡು ತಟ್ಟೆಗಳು ದೂರವಿರುತ್ತವೆ; ಬೆಲ್ಟು ಒಳಗೆ, ಚಿಕ್ಕ ವೃತ್ತದಲ್ಲಿ ಇರುತ್ತದೆ. ಹಿಂದಿನ ಪುಲ್ಲಿಯನ್ನು ದಪ್ಪನೆಯ ಸ್ಪ್ರಿಂಗೊಂದು ಬಿಗಿಯಾಗಿ ಒತ್ತಿರುವುದರಿಂದ ಅಲ್ಲಿ ಬೆಲ್ಟು ಅಂಚಿನಲ್ಲಿ, ದೊಡ್ಡ ವೃತ್ತದಲ್ಲಿ ಇರುತ್ತದೆ. ಇದೇ ಒಂದನೆಯ ಗೇರು. ಎಂಜಿನ್ನಿನ ವೇಗ ಹೆಚ್ಚಿದಂತೆ ರೋಲರುಗಳು ಇಳಿಜಾರಿನಂತಹ ಹಳ್ಳಗಳಲ್ಲಿ ಹೊರಕ್ಕೆ ಉರುಳಿ ಮುಂದಿನ ತಟ್ಟೆಯನ್ನು ಒತ್ತುತ್ತವೆ. ಬೆಲ್ಟು ಅಲ್ಲಿ ಮೇಲೇರುತ್ತದೆ, ಹಿಂದೆ ಸ್ಪ್ರಿಂಗಿನ ಒತ್ತಡವನ್ನು ಮೀರಿ ಒಳಗಿಳಿಯುತ್ತದೆ. ಮುಂದಿನ ರೋಲರು, ಹಿಂದಿನ ಸ್ಪ್ರಿಂಗು, ಇವೆರಡರ ಹಗ್ಗಜಗ್ಗಾಟದಲ್ಲಿಯೇ ಲೆಕ್ಕವಿಲ್ಲದ ಗೇರುಗಳು ಹುಟ್ಟುತ್ತವೆ. ಏರು ಬಂದು ಚಕ್ರಕ್ಕೆ ಭಾರ ಬಿದ್ದರೆ, ಹಿಂದಿನ ಪುಲ್ಲಿಯಲ್ಲಿ ಓರೆಯಾಗಿ ಕೊರೆದ ಸೀಳೊಂದು ಅದರ ತಟ್ಟೆಗಳನ್ನು ಮತ್ತೆ ಹತ್ತಿರಕ್ಕೆ ತಿರುಚುತ್ತದೆ. ಗಾಡಿ ತಾನಾಗಿ ಕೆಳಗಿನ ಗೇರಿಗೆ ಇಳಿಯುತ್ತದೆ.

ಹೊಸ ರೋಲರು, ಹೊಸ ಬೆಲ್ಟು ಹಾಕಿ, ಪುಲ್ಲಿಯ ಮುಖಗಳಲ್ಲಿ ಅಂಟಿದ್ದ ಜಿಡ್ಡನ್ನು ಒರೆಸಿದ ಮೇಲೆ ಗಾಡಿ ಮೊದಲಿನಂತಾಯಿತು. ಆದರೆ ಮನುಷ್ಯನ ಆಸೆಗೆ ಮಿತಿಯೆಲ್ಲಿ? ತೂಕ ಕಡಿಮೆಯ ರೋಲರು ಹಾಕಿದರೆ ಗಾಡಿ ಕುದುರೆಯಂತೆ ಏರು ಹತ್ತುತ್ತದೆಂದು ಯಾರೋ ಹೇಳಿದ್ದರು. ಅದನ್ನೇ ಹಾಕೆಂದು ಕೇಳಿದೆ. ಲೆಕ್ಕ ನನಗೂ ಹೊಳೆದಿತ್ತು. ರೋಲರಿನ ಬಲವು ಅದರ ತೂಕಕ್ಕೂ ತಿರುಗುವ ವೇಗದ ವರ್ಗಕ್ಕೂ ಅನುಪಾತದಲ್ಲಿದೆ. ತೂಕವನ್ನು ನೂರಕ್ಕೆ ಹತ್ತರಷ್ಟು ಇಳಿಸಿದರೆ ಅದೇ ಬಲಕ್ಕೆ ವೇಗವು ನೂರಕ್ಕೆ ಐದಕ್ಕಿಂತ ಸ್ವಲ್ಪ ಹೆಚ್ಚು ಏರಬೇಕು. ಮೊದಲು ನಿಮಿಷಕ್ಕೆ 5,000 ಸುತ್ತಿನಲ್ಲಿ ಗೇರು ಬದಲಾಗುತ್ತಿದ್ದರೆ ಈಗ ಸುಮಾರು 5,270 ಸುತ್ತಿನಲ್ಲಿ ಬದಲಾಗುತ್ತದೆ. ಎಂಜಿನ್ನಿನ ಹೆಚ್ಚಿನ ಶಕ್ತಿ ಆ ವೇಗದಲ್ಲಿದ್ದರೆ ಏರಿನಲ್ಲಿ ಲಾಭ ಖಂಡಿತ. ಅವನು ನಕ್ಕು, ಹಗುರವಾದ ರೋಲರು ಹಾಕಿಕೊಟ್ಟು, "ಹದಿನೈದು ದಿನ ಓಡಿಸಿ ನೀವೇ ಹೇಳಿ ಮೇಷ್ಟ್ರೇ" ಎಂದ. ಏರಿನಲ್ಲಿ ಗಾಡಿ ನಿಜಕ್ಕೂ ಹಾರಿತು. ಆದರೆ ಸಮತಟ್ಟು ರಸ್ತೆಯಲ್ಲಿ ಎಂಜಿನ್ನು ವಿನಾಕಾರಣ ಅರಚುತ್ತಿತ್ತು, ಲೀಟರಿಗೆ ನಾಲ್ಕೈದು ಕಿಲೋಮೀಟರು ಕಡಿಮೆ ಬಂದಿತು. ತೂಕ ತೀರ ಇಳಿದರೆ ಬೆಲ್ಟು ಪುಲ್ಲಿಯ ಅಂಚನ್ನು ಮುಟ್ಟುವುದೇ ಇಲ್ಲ, ಗರಿಷ್ಠ ವೇಗವೂ ಕುಗ್ಗುತ್ತದೆ. ತೂಕ ಹೆಚ್ಚಿಸಿದರೆ ಇದಕ್ಕೆ ತದ್ವಿರುದ್ಧ: ಗಾಡಿ ಬೇಗ ಮೇಲಿನ ಗೇರಿಗೆ ಹೋಗಿ ಏರಿನಲ್ಲಿ ಉಸಿರು ಕಟ್ಟುತ್ತದೆ.

ಕೊನೆಗೆ ಅವನು ಮೂರು ಹಳೆಯ ತೂಕದ, ಮೂರು ಹಗುರವಾದ ರೋಲರುಗಳನ್ನು ಸಮತೋಲ ತಪ್ಪದಂತೆ ಒಂದು ಬಿಟ್ಟು ಒಂದರಂತೆ ಜೋಡಿಸಿದ. ಅದೇ ಹದವಾಯಿತು. ಕ್ಲಚ್ಚಿನ ಸ್ಪ್ರಿಂಗನ್ನೂ ಬಿಗಿಯದಕ್ಕೆ ಬದಲಾಯಿಸಿದರೆ ಪಿಕಪ್ ಇನ್ನೂ ಹೆಚ್ಚುತ್ತದಂತೆ, ಹೌದೆ ಎಂದು ಕೇಳಿದೆ. ಅದಕ್ಕೆ ಮಾತ್ರ ಅವನು ಒಪ್ಪಲಿಲ್ಲ. "ಮೇಷ್ಟ್ರೇ, ನೀವು ಹತ್ತುವುದನ್ನಷ್ಟೇ ಯೋಚಿಸುತ್ತೀರಿ, ಇಳಿಯುವುದನ್ನು ಯೋಚಿಸುವುದಿಲ್ಲ. ಈ ಗಾಡಿಯಲ್ಲಿ ವೇಗ ಇಳಿದ ಕೂಡಲೇ ಕ್ಲಚ್ಚು ತಾನಾಗಿ ಬಿಟ್ಟುಕೊಳ್ಳುತ್ತದೆ. ಆಮೇಲೆ ಎಂಜಿನ್ನಿನ ಹಿಡಿತವಿಲ್ಲ, ಬ್ರೇಕೊಂದೇ ದಿಕ್ಕು. ಸ್ಪ್ರಿಂಗು ಬಿಗಿಯಾದಷ್ಟೂ ಬೇಗ ಬಿಡುತ್ತದೆ. ಆಗುಂಬೆ ಇಳಿಯುವಾಗ ಹಿಂದೆ ಅಮ್ಮನವರು ಕೂತಿರುತ್ತಾರೆ" ಎಂದ. ನಾನು ಮರುಮಾತಾಡಲಿಲ್ಲ. ಸೂತ್ರ ಬಾಯಿಪಾಠ ಬಂದಿದ್ದ ನನಗೆ ತೋಚದೆ ಇದ್ದದ್ದು, ಸೂತ್ರ ಹೇಳಲಾಗದೆ ನಿಂತಿದ್ದವನಿಗೆ ತಿಳಿದಿತ್ತು.

ಸಾಮಾನಿನ ಹಣವನ್ನಷ್ಟೇ ತೆಗೆದುಕೊಂಡ ಅವನು ಕೂಲಿಯೆಂದು ಕೊಟ್ಟದ್ದನ್ನು ಮುಟ್ಟಲಿಲ್ಲ. ಆ ಗಾಡಿಯಲ್ಲಿಯೇ ಮುಂದಿನ ಎರಡು ವರ್ಷ, ಮಾವನವರು ತೀರಿಕೊಳ್ಳುವವರೆಗೂ, ನಾವಿಬ್ಬರೂ ಘಾಟಿ ಇಳಿದು ಹತ್ತಿದೆವು. ತಂದೆಯವರ ಕೊನೆಯ ರಾತ್ರಿ ಅವರ ಪಕ್ಕದಲ್ಲಿ ಇರಲು ನನ್ನ ಮನೆಯಾಕೆಗೆ ಸಾಧ್ಯವಾದದ್ದು ಆ ಆರು ರೋಲರುಗಳಿಂದ. ಇದನ್ನು ಅವಳು ತಾನು ಬದುಕಿರುವವರೆಗೂ ಹೇಳುತ್ತಿದ್ದಳು.

ಈಗ ಕಾಲ ಮತ್ತೆ ಹೊರಳುತ್ತಿದೆ. ಬೆಂಗಳೂರಿನ ಏಥರ್ ಕಂಪನಿ 2018ರಲ್ಲಿ ತನ್ನ ವಿದ್ಯುತ್ ಸ್ಕೂಟರನ್ನು ತಂದಿತು. 2020ರಲ್ಲಿ ಚೇತಕ್ ಕೂಡ ವಿದ್ಯುತ್ ಗಾಡಿಯಾಗಿ ಮರುಹುಟ್ಟು ಪಡೆಯಿತು. ವಿದ್ಯುತ್ ಮೋಟಾರು ಎತ್ತಿನಂತೆ ನಿಂತಲ್ಲಿಂದಲೇ ಬಲ ಹಾಕಬಲ್ಲದು. ಅದಕ್ಕೆ ಗೇರಿನ ಮಧ್ಯಸ್ಥಿಕೆಯೂ ಬೇಡ, ರೋಲರಿನ ಹದವೂ ಬೇಡ. ಮೊಮ್ಮಗನೇ, ನಿನ್ನ ಪ್ರಶ್ನೆಗೆ ಇದೇ ಉತ್ತರ. ನಿನ್ನ ಗಾಡಿಗೆ ನಿಜವಾಗಿಯೂ ಗೇರಿಲ್ಲ. ನನ್ನದಕ್ಕೆ ಇದ್ದವು, ಕಾಣುತ್ತಿರಲಿಲ್ಲ ಅಷ್ಟೆ.

ಆ ಗ್ಯಾರೇಜು ಇಂದಿಗೂ ಇದೆ. ಅಲ್ಲಿ ಕೆಲಸ ಕಲಿತ ಹುಡುಗರು ಬೇರೆ ಬೇರೆ ಊರುಗಳಲ್ಲಿ ಸ್ವಂತ ಅಂಗಡಿ ಇಟ್ಟುಕೊಂಡಿದ್ದಾರೆ. ಅವನ ಮಗಳು ನನ್ನ ಬರಹಗಳನ್ನು ಓದುತ್ತಾಳೆಂದು ಕೇಳಿದ್ದೇನೆ. ಆದುದರಿಂದ ಇದನ್ನು ಇಲ್ಲಿಯೇ ಬರೆದುಬಿಡುತ್ತೇನೆ. ಮಗಳೇ, ನಿನ್ನ ತಂದೆಗೆ ಇದನ್ನು ಓದಿ ಹೇಳು. ಮೂವತ್ತೆಂಟು ವರ್ಷ ಪಾಠ ಮಾಡಿದ ನಾನು ತರಗತಿಯಲ್ಲಿ ಅವನಿಗೆ ಆಡಿದ ಮಾತು ತಪ್ಪು. ಅಂದು ಗ್ಯಾರೇಜಿನ ಮುಂದೆ, ಅಂಗೈಯಲ್ಲಿ ಆರು ರೋಲರು ಹಿಡಿದು ನಿಂತಿದ್ದಾಗಲೇ ಹೇಳಬೇಕಾಗಿತ್ತು. ಮೇಷ್ಟ್ರೆಂಬ ಬಿಗುಮಾನ ಬಿಡಲಿಲ್ಲ. ಇಡೀ ತರಗತಿಯ ಎದುರು ಆಡಿದ ಮಾತನ್ನು ಆ ತರಗತಿಯವರೆಲ್ಲ ಓದುವ ಈ ಬರಹದಲ್ಲಿಯೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ಟಾರ್ಪಾಲಿನ ಕೆಳಗಿನ ಗಾಡಿಯನ್ನು ಮುಂದಿನ ವಾರ ಅವನ ಅಂಗಡಿಗೆ ಕಳುಹಿಸಬೇಕೆಂದಿದ್ದೇನೆ. ಈ ಬಾರಿ ಕೂಲಿ ತೆಗೆದುಕೊಳ್ಳಲೇಬೇಕೆಂಬುದು ನನ್ನ ಷರತ್ತು.